ಬೆವರು ಮನೆ, ಧಾರವಾಡದ ಫೋನು

ನಗೆ ಬರಿಸುವ ಸಂಗತಿಗಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ಟೆಸ್ಟರ್ ಹಿಡಿದು ಯಾರ ಮನೆಗೆ ಹೋದರೂ ಒಂದಲ್ಲ ಒಂದು ನಡೆದೇ ನಡೆಯುತ್ತದೆ. ಇಪ್ಪತ್ತೆಂಟು ವರ್ಷದಿಂದ ಚನ್ನಪಟ್ಟಣದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ಮನೆ ವೈರಿಂಗು, ತೆಂಗಿನ ತೋಟದ ಮೋಟರು, ಮದುವೆ ಮನೆಯ ಸೀರಿಯಲ್ ಸೆಟ್ಟು ಎಲ್ಲ ಮಾಡಿ ಈಗ ಒಂದೆರಡು ವರ್ಷದಿಂದ ಸೌನಾಗೆ ಬಂದು ನಿಂತಿದ್ದೇನೆ. ಸೌನಾ ಅಂದರೆ ಒಳಗೆಲ್ಲ ಮರದ ಹಲಗೆ ಹೊಡೆದ ಪುಟ್ಟ ಕೋಣೆ. ಮೂಲೆಯಲ್ಲಿ ಕರೆಂಟಿನ ಹೀಟರು, ಅದರ ತುಂಬ ಕಲ್ಲು. ಕಲ್ಲು ಕಾದ ಮೇಲೆ ಜನ ಟವಲ್ ಸುತ್ತಿಕೊಂಡು ಹಲಗೆಯ ಮೇಲೆ ಕೂರುತ್ತಾರೆ, ಆಗಾಗ ಕಲ್ಲಿಗೆ ಒಂದು ಸೌಟು ನೀರು ಹಾಕುತ್ತಾರೆ, ಬೆವರುತ್ತಾರೆ. ಬೆವರುವುದಕ್ಕೆ ಅಂತಲೇ ಮನೆಯಲ್ಲಿ ಒಂದು ಕೋಣೆ.

ಈ ಕೆಲಸ ಹತ್ತಿದ ಹೊತ್ತಿಗೇ ನನ್ನ ಹೆಂಡತಿ ಐದು ತಿಂಗಳು ಧಾರವಾಡಕ್ಕೆ ಹೋದಳು. ಮಗಳು ಅಲ್ಲಿ ಟೀಚರು. ಬಸುರಿ ಪ್ರಯಾಣ ಮಾಡಬಾರದು ಅಂತ ಡಾಕ್ಟರು ಹೇಳಿದ್ದರಿಂದ, ಮಗಳು ತವರಿಗೆ ಬರುವ ಬದಲು ತವರೇ ಮಗಳ ಮನೆಗೆ ಹೋಯಿತು. ಮದುವೆಯಾದ ಮೇಲೆ ನಾವು ಅಷ್ಟು ದಿನ ಒಬ್ಬರನ್ನೊಬ್ಬರು ಬಿಟ್ಟಿದ್ದದ್ದು ಅದೇ ಮೊದಲು. ಕೆಲಸದಲ್ಲಿ ನಡೆದದ್ದನ್ನು ನಾನು ಅಡುಗೆಮನೆ ಹೊಸ್ತಿಲ ಮೇಲೆ ಕೂತು ಹೇಳುತ್ತಿದ್ದೆ, ಅವಳು ಮುದ್ದೆ ತಿರುವುತ್ತಾ ಕೇಳುತ್ತಿದ್ದಳು. ನಿಜವಾಗಿ ನಗು ಬಂದರೆ ಅವಳ ಕೈಯ ಕೋಲು ನಿಂತುಬಿಡುತ್ತಿತ್ತು. ಈಗ ಕೋಲೂ ಇಲ್ಲ, ಮುದ್ದೆಯೂ ಇಲ್ಲ. ಸಂಜೆ ಏಳು ಗಂಟೆಗೆ ಒಂದು ಫೋನು, ಅಷ್ಟೇ.

ಸಣ್ಣ ಹೀಟರ್

ಮೊದಲನೆಯ ಕೆಲಸ ಬಂದದ್ದು ಬೆಂಗಳೂರಿನ ಒಂದು ಅಂಗಡಿಯವರಿಂದ. ನಾನು ಬೈಕಿನಲ್ಲಿದ್ದೆ, ಗಾಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ‘ರಾಮನಗರದ ಹತ್ತಿರ ಒಂದು ಮನೇಲಿ ಸೌನಾ ಹೀಟರ್ ಕೂರಿಸಬೇಕು, ಆಗುತ್ತಾ?’ ಅಂದರು. ‘ಅದಕ್ಕೇನು ಸಾರ್, ಅರ್ಧ ಗಂಟೆ ಕೆಲಸ’ ಅಂದೆ.

ಮನೆ ಬೆಟ್ಟದ ಬುಡದಲ್ಲಿತ್ತು. ಯಜಮಾನರು ಹಲ್ಲಿನ ಡಾಕ್ಟರು. ನನ್ನನ್ನು ಹಿಂದುಗಡೆ ಕೋಣೆಗೆ ಕರೆದುಕೊಂಡು ಹೋಗಿ ರಟ್ಟಿನ ಪೆಟ್ಟಿಗೆ ಬಿಚ್ಚಿ ತೋರಿಸಿದರು. ಸೊಂಟದೆತ್ತರದ ಸ್ಟೀಲಿನ ಯಂತ್ರ. ಒಂಬತ್ತು ಕಿಲೋವಾಟು, ತ್ರೀ ಫೇಸು. ನಮ್ಮ ಬೀದಿಯ ಗೀಸರುಗಳನ್ನೆಲ್ಲ ಒಟ್ಟಿಗೆ ಹಾಕಿದ ಹಾಗಿತ್ತು.

‘ಸಾರ್, ಸಣ್ಣ ಹೀಟರ್ ಅಂದಿದ್ರು?’

‘ಹೌದು, ಇದೇ ಸೌನಾ ಹೀಟರು.’

‘ಇದೇ ಸಣ್ಣದಾದ್ರೆ ದೊಡ್ಡದು ಹೇಗಿರುತ್ತೆ ಸಾರ್?’

‘ಸಣ್ಣದಲ್ಲ ಕಣ್ರೀ, ಸೌನಾ, ಸೌನಾ!’

ಡಾಕ್ಟರು ಬಾಯಿ ಅಗಲಿಸಿ ಹೇಳಿಕೊಟ್ಟರು. ಆಮೇಲೆ ನನ್ನ ಕೈ ನೋಡಿ, ‘ಅದೇನದು?’ ಅಂದರು. ಪೇಟೆಯಲ್ಲಿ ಕೊಂಡುಕೊಂಡು ಹೋಗಿದ್ದ ಒಂದೇ ಒಂದು ಪ್ಲಗ್ಗು. ಮೆಲ್ಲಗೆ ಜೇಬಿಗೆ ಹಾಕಿಕೊಂಡೆ.

ಸಂಜೆ ಫೋನಿನಲ್ಲಿ ಹೇಳಿದಾಗ ಹೆಂಡತಿ ಬಹಳ ಹೊತ್ತು ನಕ್ಕಳು. ‘ಅಲ್ಲಾ ಕಣ್ರೀ, ಬಸ್ ಹತ್ತೋವಾಗ ನಾನು ಒಸಿ ಸಣ್ಣ ಆಗಿ ಅಂತ ಕಿವೀಲಿ ಹೇಳ್ಬುಟ್ಟು ಬಂದೆ. ಅದು ಮಾತ್ರ ಕೇಳಿಸ್ಲಿಲ್ವಾ?’

ಹಡಗಿನಲ್ಲಿ ಬಂದ ಕಲ್ಲು

ದಪ್ಪ ಕೇಬಲ್ಲು, ಬೇರೆ ಬ್ರೇಕರು ಎಲ್ಲ ತಂದು ಅದೇ ಮನೆಗೆ ಮತ್ತೆ ಹೋದೆ. ಹೀಟರ್ ಗೋಡೆಗೆ ಕೂರಿಸಿದ್ದಾಯಿತು. ಕಲ್ಲು ತುಂಬಬೇಕು. ಕಲ್ಲು ಬೇರೆ ಪೆಟ್ಟಿಗೆಯಲ್ಲಿ ಹೊರದೇಶದಿಂದ ಹಡಗಿನಲ್ಲಿ ಬಂದಿತ್ತು. ಆ ಮನೆಯ ಕಾವಲಿನವರು ಅಕ್ಕೂರಿನ ಕಡೆಯವರು, ವಯಸ್ಸಾದವರು. ಪೆಟ್ಟಿಗೆ ಎತ್ತಿಕೊಡಲು ಬಂದವರು ಒಳಗೆ ಇಣುಕಿ ನೋಡಿ ಅಲ್ಲೇ ನಿಂತರು.

‘ಇದೇನ್ ಸ್ವಾಮಿ, ಕಲ್ಲಾ?’

‘ಕಲ್ಲೇ.’

‘ಹಡಗಲ್ಲಿ ಬಂತಾ?’

‘ಹ್ಞೂಂ.’

ಅವರು ಕಿಟಕಿಯಾಚೆ ನೋಡಿದರು. ಕಿಟಕಿಯ ತುಂಬ ರಾಮನಗರದ ಬೆಟ್ಟ. ಆಕಾಶ ಒಂದು ಚೂರು, ಮಿಕ್ಕಿದ್ದೆಲ್ಲ ಕಲ್ಲು. ‘ನಮ್ಮೂರಿಗೆ ಕಲ್ಲು ತರುಸ್ಕಂಡವ್ರೆ’ ಅಂತ ತಮಗೆ ತಾವೇ ಹೇಳಿಕೊಂಡರು. ಇದು ಕಾದಾಗ ನೀರು ಬಿದ್ದರೂ ಒಡೆಯದ ಜಾತಿಯ ಕಲ್ಲು, ಕಂಡ ಕಂಡ ಕಲ್ಲು ಹಾಕುವ ಹಾಗಿಲ್ಲ ಅಂತ ನಾನು ವಿವರಿಸಿದೆ. ಅವರಿಗೆ ಅವಮಾನವಾಗಿತ್ತು ಅಂತ ಕಾಣುತ್ತದೆ. ನಾನು ಬೋರ್ಡಿನ ಹತ್ತಿರ ಹೋದಾಗ ಅಂಗಳದ ಒಂದು ಕಲ್ಲು ತಂದು ಹೀಟರಿನ ಸಂದಿಗೆ ಸೇರಿಸಿಬಿಟ್ಟಿದ್ದರು, ನನಗೆ ಗೊತ್ತಾಗಲಿಲ್ಲ.

ಹೊಸ ಹೀಟರನ್ನು ಮೊದಲ ಸಲ ಯಾರೂ ಒಳಗಿಲ್ಲದೆ, ಬಾಗಿಲು ತೆರೆದಿಟ್ಟು ಕಾಯಿಸಬೇಕು. ಹಾಗೆ ಕಾಯಿಸಿ, ಪರೀಕ್ಷೆಗೆ ಅಂತ ಒಂದು ಸೌಟು ನೀರು ಎರಚಿದೆ. ‘ಠಪ್’ ಅಂತ ಒಂದು ಸದ್ದು. ಆಫ್ ಮಾಡಿ, ಆರಿದ ಮೇಲೆ ಇಕ್ಕಳದಲ್ಲಿ ತೆಗೆದೆ. ಅಂಗಳದ ಕಲ್ಲು, ಎರಡು ಹೋಳು. ಕಾವಲಿನವರು ಅವನ್ನು ಅಂಗೈ ಮೇಲಿಟ್ಟುಕೊಂಡು ಜೋಡಿಸಿ ನೋಡಿದರು.

‘ಆ ಬಿಸಿಲಲ್ಲಿ ಹುಟ್ಟಿದಾಗಿಂದ ಕುಂತೈತೆ, ಏನೂ ಆಗ್ನಿಲ್ಲ. ನಿಮ್ಮ ಹೀಟರ್ ಒಳಗೆ ಒಂದು ಗಂಟೆ ಕುಂತ್ಕಂಡಿದ್ದಕ್ಕೆ ಒಡದೋಯ್ತಲ್ಲ ಸ್ವಾಮಿ.’

ಇದನ್ನು ಹೇಳಲೇಬೇಕು ಅಂತ ಸಂಜೆ ಏಳಾಗುವುದನ್ನೇ ಕಾದು ಫೋನು ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, ‘ರೀ, ಹೆಣ್ಣು ಮಗು! ಇಬ್ರೂ ಚೆನ್ನಾಗವ್ರೆ’ ಅಂದಳು. ಹಿಂದೆ ಸಣ್ಣ ಅಳು ಕೇಳಿಸುತ್ತಿತ್ತು. ಅಷ್ಟು ದೂರ. ಮಗುವನ್ನು ಎತ್ತಿಕೊಳ್ಳುವ ಹಾಗಿಲ್ಲ, ಹೆಂಡತಿಯ ಮುಖ ನೋಡುವ ಹಾಗಿಲ್ಲ. ಏನಾದರೂ ಹೇಳಬೇಕಲ್ಲ, ಬಾಯಿಗೆ ಬಂದದ್ದು, ‘ಕಲ್ಲು ಒಡೆದೋಯ್ತು ಕಣೆ.’

ಅವಳು, ‘ಸಂತೋಷಕ್ಕಾ?’ ಅಂದಳು.

ಟವಲ್ ಕಂಡರೆ ಮೋಟರು

ಮಾಗಡಿ ಕಡೆ ಒಂದು ತೋಟದ ಮನೆ. ಯಜಮಾನರಿಗೆ ನಾಲ್ಕು ಬಸ್ಸು, ಎರಡು ಮೊಣಕಾಲು ನೋವು. ಅಲ್ಲಿ ತ್ರೀ ಫೇಸ್ ಕರೆಂಟು ಹಗಲಲ್ಲಿ ಕೆಲವು ಗಂಟೆ ಮಾತ್ರ, ಅದೂ ಹೇಳಿ ಕೇಳಿ ಬರುವುದಿಲ್ಲ. ಮೊದಲೇ ಎಚ್ಚರಿಸಿದ್ದೆ. ‘ಕಾಯ್ತೀನಿ ಬುಡಿ’ ಅಂದಿದ್ದರು.

ನಿಜವಾಗಿ ಕಾದರು. ಟವಲ್ ಉಟ್ಟುಕೊಂಡು ಜಗಲಿಯ ಮೇಲೆ ಕೂತು ಬೋರ್ಡಿನ ಮೂರು ದೀಪ ನೋಡುತ್ತಿರುವುದು. ಕೆಂಪು, ಹಳದಿ, ನೀಲಿ ಮೂರೂ ಹೊತ್ತಿದ ತಕ್ಷಣ ಎದ್ದು ನೋವು ಮರೆತು ಸೌನಾ ಕಡೆ ಓಡಿಹೋಗಿ ಸ್ವಿಚ್ಚು ಹಾಕುವುದು. ಬೇಲಿಯಾಚೆ ಹೊಲದವರು ಇದನ್ನು ನಾಲ್ಕು ದಿನ ನೋಡಿದರು. ಐದನೇ ದಿನದಿಂದ ಎಲ್ಲರೂ ಪಂಪ್‌ಹೌಸಿನ ಮುಂದೆ ಕಾಯುವುದನ್ನೇ ಬಿಟ್ಟರು. ನಾನು ಟೈಮರ್ ಸರಿ ಮಾಡಲು ಹೋಗಿದ್ದಾಗ ಕಿವಿಯಾರೆ ಕೇಳಿದೆ: ‘ಲೇ, ಸಾವ್ಕಾರ್ರು ಓಡುದ್ರು ಕಣ್ಲಾ! ಮೋಟ್ರು ಹಾಕ್ಲಾ!’

ಒಂದು ದಿನ ಜಗಲಿಯ ಮೇಲಿದ್ದ ಅವರ ಚಪ್ಪಲಿಯನ್ನು ನಾಯಿ ಕಚ್ಚಿಕೊಂಡು ಓಡಿತು. ಅವರು ಟವಲಿನಲ್ಲೇ ಅಟ್ಟಿಸಿಕೊಂಡು ಹೋದರು. ಸುತ್ತಲಿನ ಹೊಲದವರೆಲ್ಲ ಕುಡುಗೋಲು ಬಿಸಾಕಿ ಪಂಪ್‌ಹೌಸಿಗೆ ಓಡಿದರು. ಕರೆಂಟಿಲ್ಲ. ಮೂರು ಜನ ಸೀದಾ ಇವರ ಗೇಟಿಗೆ ಬಂದರು.

‘ಸಾವ್ಕಾರ್ರೆ, ಕೈ ಮುಗೀತೀವಿ. ಕರೆಂಟ್ ಇಲ್ದಾಗ ಟವಲ್ ಉಟ್ಕಂಡು ಓಡಬ್ಯಾಡಿ. ನಮ್ಗೆ ಕನ್‌ಫ್ಯೂಸ್ ಆಯ್ತದೆ.’

ನಾನೂ ನಕ್ಕೆ. ಆದರೆ ಆರೂಮುಕ್ಕಾಲಿನಿಂದ ಫೋನನ್ನೇ ನೋಡುತ್ತಾ ಕೂರುವವನಿಗೆ ಆ ಮೂರು ದೀಪದ ಕಾಯುವಿಕೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಫ್ರಿಜ್ಜಿನ ಮುಂದೆ

ಕನಕಪುರದಲ್ಲಿ ಒಬ್ಬ ನರ್ಸಮ್ಮ. ಹನ್ನೆರಡು ವರ್ಷ ಯಾವುದೋ ಚಳಿ ದೇಶದ ಆಸ್ಪತ್ರೆಯಲ್ಲಿ ದುಡಿದು ವಾಪಸ್ಸು ಬಂದವರು. ತಾಯಿಯ ಜೊತೆ ಇದ್ದರು. ಇಬ್ಬರು ಕೂರುವಷ್ಟು ಸಣ್ಣ ಸೌನಾ. ಈ ಸಲ ನಿಜವಾಗಿಯೂ ಸಣ್ಣದು. ಹೀಟರ್ ಕಾಯುತ್ತಿರುವಾಗ ಹಲಗೆಯ ಮೇಲೆ ಕೈ ಸವರುತ್ತಾ ಹೇಳಿದರು: ‘ಅಲ್ಲಿ ಶನಿವಾರ ಶನಿವಾರ ನಾವು ನಾಲ್ಕು ಜನ ನರ್ಸುಗಳು ಒಟ್ಟಿಗೆ ಕೂರ್ತಿದ್ವಿ. ಬೆವರಿ ಹೊರಗೆ ಬಂದು ಹಿಮದ ಮೇಲೆ ನಿಂತ್ಕೊಂಡು ನಾನು ಕನಕಪುರ ನೆನೆಸ್ಕೋತಿದ್ದೆ. ಈಗ ಕನಕಪುರದಲ್ಲಿ ನಿಂತ್ಕೊಂಡು ಆ ಹಿಮ ನೆನೆಸ್ಕೋತೀನಿ, ನೋಡಿ.’

ನಾನು ಥರ್ಮಾಮೀಟರ್ ನೋಡುವವನ ಹಾಗೆ ಆ ಕಡೆ ತಿರುಗಿಕೊಂಡೆ.

ಎರಡು ವಾರಕ್ಕೆ ಅವರ ತಾಯಿಯ ಫೋನು. ಹೀಟರ್ ಚೆನ್ನಾಗಿದೆ, ಫ್ರಿಜ್ಜು ಕೆಟ್ಟಿದೆ, ಬಂದು ನೋಡಿ ಅಂದರು. ಹೋಗಿ ನೋಡಿದರೆ ಫ್ರಿಜ್ಜಿಗೆ ಏನೂ ಆಗಿರಲಿಲ್ಲ. ಬಿಡುವಿಲ್ಲದೆ ಓಡಿ ಓಡಿ ಸುಸ್ತಾಗಿತ್ತು, ಅಷ್ಟೇ. ಮಗಳು ಬೆವರಿ ಹೊರಗೆ ಬಂದರೆ ಕನಕಪುರದ ಮಧ್ಯಾಹ್ನ ಒಳಗಿನಷ್ಟೇ ಬಿಸಿ. ಹಿಮ ಎಲ್ಲಿಂದ ಬರಬೇಕು? ಹಾಗಾಗಿ ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಕಣ್ಣು ಮುಚ್ಚಿಕೊಂಡು ಕಾಲು ಗಂಟೆ ನಿಲ್ಲುತ್ತಿದ್ದರು.

ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. ‘ಬೈಯಕ್ಕೆ ಮನಸ್ಸು ಬರಾಕಿಲ್ಲ ಕಣಪ್ಪ. ಅವಳ ಗೆಳತೀರ ಜ್ಞಾಪಕ ಬತ್ತದೆ, ಪಾಪ. ಆದ್ರೆ ದಿನಾ ಹಾಲು ಒಡದೋಯ್ತದೆ. ಒಂದು ದೊಡ್ಡ ಫ್ರಿಜ್ ಹಾಕ್ಕೊಡು. ಒಳಗೇ ನಿಂತ್ಕಂಡು ಬಾಗಿಲು ಹಾಕ್ಕಳ್ಳಿ.’

ಗೂಡು ಎಲ್ಲಿ?

ಕೊನೆಯದು ರಾಮನಗರದ ಒಬ್ಬ ರೇಷ್ಮೆ ಯಜಮಾನರ ಮನೆ. ಕೆಳಗೆ ನೂಲು ತೆಗೆಯುವ ಶೆಡ್ಡು, ಮೇಲೆ ಮನೆ. ಶೆಡ್ಡಿನಲ್ಲಿ ಬೆಳಗಿನಿಂದ ಬಿಸಿನೀರಿನಲ್ಲಿ ರೇಷ್ಮೆ ಗೂಡು ಬೇಯುತ್ತಿರುತ್ತದೆ, ಹೆಂಗಸರು ಆ ಹಬೆಯಲ್ಲೇ ನಿಂತು ಎಳೆ ಹಿಡಿಯುತ್ತಾರೆ. ಮಹಡಿಯ ಮೇಲೆ ನಾನು ಸೌನಾ ಕೂರಿಸಿದ ದಿನ, ಯಜಮಾನರ ಹೆಂಡತಿ ಉತ್ಸಾಹದಿಂದ ಬಹಳ ವರ್ಷದ ಕೆಲಸದಾಕೆಯೊಬ್ಬರನ್ನು ಮೇಲಕ್ಕೆ ಕರೆದು ಒಳಗೆ ಕೂರಿಸಿದರು. ಇನ್ನೂ ಹದವಾಗಿ ಬೆಚ್ಚಗಿತ್ತು, ಅಷ್ಟೇ.

ಆಕೆ ಸುತ್ತ ನೋಡಿದರು. ‘ಗೂಡು ಎಲ್ಲವ್ವಾ?’

‘ಗೂಡಿಲ್ಲ ಕಣೆ. ಇಲ್ಲಿ ಸುಮ್ನೆ ಕೂತ್ಕೋಬೇಕು.’

‘ಸುಮ್ನೇನಾ?’

ಆ ಮಾತನ್ನು ಆಕೆ ಯಾವುದೋ ಸಿಹಿತಿಂಡಿಯ ಹೆಸರಿನ ಹಾಗೆ ಹೇಳಿದರು. ಬಾಗಿಲು ಹಾಕಿದೆವು. ಹತ್ತು ನಿಮಿಷಕ್ಕೆ ಕೂಗಿದರೆ ಉತ್ತರವಿಲ್ಲ. ಗಾಬರಿಯಾಗಿ ತೆಗೆದರೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿದಾಗ ನಾಚಿಕೊಂಡು ಸೆರಗು ಸರಿಮಾಡಿಕೊಂಡರು.

‘ಬಿಸಿಗಲ್ಲ ಕಣವ್ವಾ. ಸುಮ್ನೆ ಕೂರೋದು ಅಭ್ಯಾಸ ಇಲ್ಲ. ಕುಂತೇಟ್ಗೆ ನಿದ್ದೆ ಬಂದ್ಬುಡ್ತು.’

ಇಬ್ಬರ ಬೆವರು

ಈ ಗೊರಕೆಯ ಕತೆ ಕೇಳಿದ ಮೇಲೆ ನನ್ನ ಹೆಂಡತಿ, ‘ನಾನು ಬಂದ್ಮೇಲೆ ಆ ಬೆವರು ಮನೇಲಿ ಒಂದ್ಸಲ ನನ್ನೂ ಸುಮ್ನೆ ಕೂರಿಸ್ರೀ’ ಅಂದಳು. ರೇಷ್ಮೆ ಯಜಮಾನರನ್ನು ಕೇಳಿದೆ. ‘ಅದಕ್ಕೇನು, ಕರ್ಕೊಂಡ್ ಬನ್ನಿ’ ಅಂದರು.

ಅವಳು ಬರುವ ದಿನ ರಾಮನಗರ ಸ್ಟೇಷನ್ನಿಗೆ ಒಂದು ಗಂಟೆ ಮೊದಲೇ ಹೋಗಿ ನಿಂತಿದ್ದೆ. ರೈಲಿಂದ ಇಳಿದಳು. ಸ್ವಲ್ಪ ಕಪ್ಪಾಗಿದ್ದಳು. ದಿನಾ ಬಾಣಂತಿಗೂ ಮಗುವಿಗೂ ಬಿಸಿನೀರು ಹುಯ್ದು ಹುಯ್ದು ಬೆರಳೆಲ್ಲ ಒರಟಾಗಿದ್ದವು. ‘ಬಂದ್ಯಾ?’ ಅಂದೆ. ‘ಹ್ಞೂಂ’ ಅಂದಳು. ಐದು ತಿಂಗಳು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಎದುರಿಗೆ ಬಂದಾಗ ಅಷ್ಟೇ ಆಯಿತು.

ಅಲ್ಲಿಂದ ಸೀದಾ ಯಜಮಾನರ ಮನೆಗೆ ಹೋದಾಗ ಅವರು ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದರು. ಅವರ ತಾಯಿ, ಹಣೆಯ ತುಂಬ ವಿಭೂತಿ ಹಚ್ಚಿದ ಅಜ್ಜಿ, ಮಹಡಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದರು. ‘ಹೋಗ್ರಪ್ಪಾ, ಕುಂತ್ಕಳಿ, ಬೆಚ್ಚಗೈತೆ’ ಅಂದರು. ಅವಳು ಸೀರೆಯಲ್ಲಿ, ನಾನು ಪ್ಯಾಂಟು ಶರ್ಟಿನಲ್ಲಿ, ಬಸ್ ಸೀಟಿನಲ್ಲಿ ಕೂತ ಹಾಗೆ ಪಕ್ಕಪಕ್ಕ ಕೂತೆವು. ಫೋನು ಹೊರಗೆ, ಮಗುವಿನ ಅಳು ಧಾರವಾಡದಲ್ಲಿ. ಸದ್ದೇ ಇಲ್ಲ. ಅವಳು ನನ್ನ ಶರ್ಟಿನ ಕಾಲರ್ ಮುಟ್ಟಿ, ‘ಸವೆದೋಗೈತೆ, ಹೇಳೋರಿಲ್ಲ ಕೇಳೋರಿಲ್ಲ’ ಅಂದಳು. ‘ಅದಕ್ಕೇ ಹೇಳ್ತಿರೋದು, ಇನ್ನು ಎಲ್ಲೂ ಹೋಗ್ಬೇಡ’ ಅಂದೆ. ಇದೊಂದು ಮಾತು ಫೋನಿನಲ್ಲಿ ಒಂದು ದಿನವೂ ಬಾಯಿಗೆ ಬಂದಿರಲಿಲ್ಲ. ಅವಳು ತಲೆ ತಗ್ಗಿಸಿದಳು.

ನನಗೆ ಹುರುಪು ಬಂತು. ‘ನೋಡು, ಈಗ ಇರೋದು ಮಜಾ’ ಅಂತ ಕಲ್ಲಿನ ಮೇಲೆ ಒಂದು ಸೌಟು ತುಂಬ ನೀರು ಹುಯ್ದೆ.

ಚುಂಯ್ ಅಂತ ಹಬೆ ಎದ್ದಿತು. ಅದು ಹಬೆಯಲ್ಲ, ಒಗ್ಗರಣೆ! ಮೂಗಿಗೆ, ಗಂಟಲಿಗೆ, ಕಣ್ಣಿಗೆ ಒಟ್ಟಿಗೇ ಬೆಂಕಿ ಬಿತ್ತು. ಅವಳು ಸೀನಿದಳು, ನಾನು ಕೆಮ್ಮಿದೆ. ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಾಗಿಲು ತಳ್ಳಿ ಹೊರಗೆ ಬಿದ್ದೆವು. ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು. ಮಾತಾಡಲು ಉಸಿರಿಲ್ಲ.

ಅಜ್ಜಿ ಹೂ ಕೆಳಗಿಟ್ಟು, ನಮ್ಮನ್ನೇ ನೋಡುತ್ತಾ ತಮ್ಮ ಕಣ್ಣನ್ನೂ ಸೆರಗಿನಲ್ಲಿ ಒರೆಸಿಕೊಂಡರು. ಸದ್ದು ಕೇಳಿ ಮೆಟ್ಟಿಲು ಹತ್ತಿ ಬಂದ ಶೆಡ್ಡಿನ ಹೆಂಗಸರಿಗೆ ಹೇಳಿದರು: ‘ನೋಡ್ರವ್ವಾ, ಗಂಡ ಹೆಂಡ್ತಿ ಅಂದ್ರೆ ಇಂಗಿರ್ಬೇಕು. ಐದು ತಿಂಗ್ಳು ಬುಟ್ಟಿದ್ರಂತೆ, ಎಂಗೆ ಅಳ್ತಾವ್ರೆ ಪಾಪ. ಅಳ್ರಪ್ಪಾ, ಒಳಗೆ ಇಟ್ಕಬ್ಯಾಡಿ.’ ಹೆಂಗಸರಲ್ಲಿ ಇಬ್ಬರು ಮೂಗು ಒರೆಸಿಕೊಂಡರು.

‘ಅಜ್ಜಿ, ಅದಲ್ಲ… ಕಲ್ಲಿನ ಮೇಲೆ… ಮೆಣಸಿನಕಾಯಿ…’ ಅಂತ ಕಷ್ಟಪಟ್ಟು ಅಂದೆ.

‘ಓ, ಅದಾ? ಮೋಡ ಮುಚ್ಕಂಡಿತ್ತಲ್ಲ, ನೆನ್ನೆ ಒಳಗೆ ಒಂದು ಮೊರ ಒಣಾಕಿದ್ದೆ. ತೆಗೆಯೋವಾಗ ಒಸಿ ಬೀಜ ಕಲ್ಲಿನ ಸಂದಿಗೆ ಉದುರ್ತು.’

‘ಅದಕ್ಕೇ ಅಜ್ಜಿ ಈ ಕಣ್ಣೀರು!’

ಅಜ್ಜಿ ನನ್ನ ಒದ್ದೆ ಮುಖ ನೋಡಿದರು, ಇನ್ನೂ ನನ್ನ ಕೈ ಬಿಡದೆ ನಿಂತಿದ್ದ ಅವಳನ್ನು ನೋಡಿದರು, ಆಮೇಲೆ ನಕ್ಕರು.

‘ಸುಮ್ಕಿರಪ್ಪಾ, ನಾಚ್ಕೆ ಯಾಕೆ? ಅದು ಬ್ಯಾಡಗಿ ಮೆಣಸಿನಕಾಯಿ, ಬರೀ ಬಣ್ಣಕ್ಕೆ. ಅದಕ್ಕೆ ಇಷ್ಟೊಂದು ಕಣ್ಣೀರು ಬರಾಕಿಲ್ಲ.’