ನೂಲಿಲ್ಲದೆ ತುಳಿದ ಕಾರು

ದರ್ಜಿ: ಎರಡು ಪಾಯಿಂಟ್ ಮೂರು! ಲೀಟರಿಗೆ ಎರಡು ಪಾಯಿಂಟ್ ಮೂರು ಕಿಲೋಮೀಟರ್! ಮಾರೋವಾಗ ಇಪ್ಪತ್ತೊಂದು ಅಂದ್ರಿ. ಉಳಿದ ಹದಿನೆಂಟು ಪಾಯಿಂಟ್ ಏಳು ಎಲ್ಲಿ ಹೋಯ್ತು? ಅಷ್ಟು ಹೇಳಿಬಿಡಿ, ನಾನು ಹೊರಟುಹೋಗ್ತೀನಿ.

ಮೆಕ್ಯಾನಿಕ್: ಸಾರ್, ಮಾರಿದ್ದು ನಾನಲ್ಲ. ನಾನು ರಿಪೇರಿ ಮಾಡೋನು.

ದರ್ಜಿ: ಪ್ಯಾಂಟು ಬಿಗಿ ಆದ್ರೆ ಜನ ಬಟ್ಟೆ ಅಂಗಡಿಗೆ ಹೋಗಿ ಜಗಳ ಆಡ್ತಾರಾ? ನನ್ನ ಹತ್ರ ತಾನೇ ಬರೋದು? ಹಾಗೇ ನಾನೂ ನಿಮ್ಮ ಹತ್ರ ಬಂದಿದೀನಿ.

ಹೆಂಡತಿ: ಸ್ವಲ್ಪ ಮೆತ್ತಗೆ ಮಾತಾಡ್ರೀ. ಅವರ ಕೈಯಲ್ಲಿ ಊಟದ ಡಬ್ಬಿ ಇದೆ.

ಕಾರು ಸರ್ವಿಸ್ ಸೆಂಟರಿನ ಶೆಡ್ಡಿನಲ್ಲಿ ಮಧ್ಯಾಹ್ನ ಒಂದು ಗಂಟೆ. ನರೆತ ಮೀಸೆಯ ಮೆಕ್ಯಾನಿಕ್ ಕೈ ತೊಳೆದು, ಡಬ್ಬಿ ಹಿಡಿದು, ಇನ್ನೇನು ಮುಚ್ಚಳ ತೆಗೆಯಬೇಕು ಅನ್ನುವಾಗ ಈ ಗಂಡ ಹೆಂಡತಿ ಎದುರು ಬಂದು ನಿಂತಿದ್ದರು. ಗಂಡ ಮೂವತ್ತೈದು ವರ್ಷ ಹೊಲಿಗೆ ಮೆಷಿನ್ ತುಳಿದ ದರ್ಜಿ. ಅಳತೆ ಟೇಪು ಈಗಲೂ ಕೊರಳಲ್ಲೇ ಇತ್ತು, ತೆಗೆದಿಡುವುದು ಮರೆತಿದ್ದ. ಕಾರು ಕೊಂಡು ಇಪ್ಪತ್ತಾರು ದಿನವಾಗಿತ್ತು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಹೆಂಡತಿಯ ಕಾಲಬುಡದಲ್ಲಿ ಒಂದು ದೊಡ್ಡ ಬಟ್ಟೆ ಬ್ಯಾಗು ಇತ್ತು. ಅದು ಯಾಕೆ ಬಂದಿದೆ ಎಂದು ಗಂಡ ಕೇಳಿರಲಿಲ್ಲ.

ಮೆಕ್ಯಾನಿಕ್ ಡಬ್ಬಿಯನ್ನು ಕಾರಿನ ಬಾನೆಟ್ ಮೇಲಿಟ್ಟು ಒಳಗೆ ಬಗ್ಗಿ ಮೀಟರ್ ನೋಡಿದ. ಹೊರಗೆ ಬಂದ. ಮತ್ತೆ ಬಗ್ಗಿ ನೋಡಿದ.

ಮೆಕ್ಯಾನಿಕ್: ನಲವತ್ತೊಂದು ಕಿಲೋಮೀಟರ್ ತೋರಿಸ್ತಿದೆ. ಸಾರ್, ಮೀಟರ್ ಕೆಟ್ಟಿದೆ ಅನ್ಸುತ್ತೆ.

ಹೆಂಡತಿ: ಮೀಟರ್ ಸರಿಯಾಗೇ ಇದೆ ಅಣ್ಣಾ.

ದರ್ಜಿ: ಅದರಲ್ಲಿ ಒಂಬತ್ತು ನಿಮ್ಮ ಡ್ರೈವರ್ ಮನೆಗೆ ತಂದು ಬಿಟ್ಟಿದ್ದು. ಅದಕ್ಕೆ ನಾನು ಜವಾಬ್ದಾರ ಅಲ್ಲ. ಇವತ್ತು ಇಲ್ಲಿಗೆ ಬಂದಿದ್ದು ಒಂಬತ್ತು. ಮಿಕ್ಕ ಇಪ್ಪತ್ಮೂರು ನಮ್ಮ ಹಿಂದಿನ ಓಣಿಯಲ್ಲಿ.

ಮೆಕ್ಯಾನಿಕ್: ಓಣಿಯಲ್ಲಾ?

ದರ್ಜಿ: ಮೊದಲು ಚಿಂದಿ ಮೇಲೆ ಹೊಲಿದು ನೋಡಿ ಆಮೇಲೆ ತಾನೇ ಒಳ್ಳೆ ಬಟ್ಟೆಗೆ ಕೈ ಹಾಕೋದು? ನಿಮ್ಮ ಈ ಯೂನಿಫಾರಂ ಹೊಲಿದೋನು ಆ ಕೆಲಸ ಮಾಡಿಲ್ಲ ನೋಡಿ. ಕಾಲರ್ ಎಡಕ್ಕೆ ವಾಲಿದೆ.

ಮೆಕ್ಯಾನಿಕ್: ಕಂಪನಿ ಕೊಟ್ಟಿದ್ದು ಸಾರ್.

ದರ್ಜಿ: ಅದಕ್ಕೇ ವಾಲಿದೆ.

ಮೆಕ್ಯಾನಿಕ್: ಕಾಲರ್ ಇರ್ಲಿ. ನಲವತ್ತೊಂದು ಕಿಲೋಮೀಟರಿಗೆ ಹದಿನೆಂಟು ಲೀಟರ್ ಪೆಟ್ರೋಲ್ ಹೋಗಿದೆ ಅಂದ್ರೆ ಎಲ್ಲೋ ಸೋರ್ತಿರಬೇಕು.

ಅವನು ಕಾರಿನ ಕೆಳಗೆ ತೂರಿದ. ಐದು ನಿಮಿಷ ಅವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ದರ್ಜಿ ಸುಮ್ಮನಿರಲಾರದೆ ಆ ಪ್ಯಾಂಟಿನ ಅಂಚನ್ನೂ ಬಗ್ಗಿ ನೋಡಿದ. ಅಲ್ಲೂ ಅವನಿಗೆ ಸಮಾಧಾನವಾಗಲಿಲ್ಲ.

ಮೆಕ್ಯಾನಿಕ್ (ಹೊರಬಂದು): ಒಂದು ಹನೀನೂ ಸೋರ್ತಿಲ್ಲ.

ಹೆಂಡತಿ: ರೀ, ಸಾಯಂಕಾಲದ ವಿಷಯ ಹೇಳಿ.

ದರ್ಜಿ: ಅದು ಇದಕ್ಕೆ ಸಂಬಂಧ ಇಲ್ಲ. ಅದು ಪಳಗಿಸೋದು.

ಮೆಕ್ಯಾನಿಕ್: ಏನು ಸಾಯಂಕಾಲ?

ದರ್ಜಿ: ದಿನಾ ಸಾಯಂಕಾಲ ಅಂಗಡಿ ಮುಚ್ಚಿ ಬಂದು, ಕಾರು ಸ್ಟಾರ್ಟ್ ಮಾಡಿ, ಒಂದು ಗಂಟೆ ಕೂತ್ಕೋತೀನಿ.

ಮೆಕ್ಯಾನಿಕ್: ಕೂತು ಎಲ್ಲಿಗೆ ಹೋಗ್ತೀರಿ?

ದರ್ಜಿ: ಎಲ್ಲಿಗೆ ಹೋಗೋದು? ಕೂತ್ಕೋತೀನಿ ಅಂದ್ನಲ್ಲ.

ಮೆಕ್ಯಾನಿಕ್: ಕಾರು ನಿಂತೇ ಇರುತ್ತಾ?

ಹೆಂಡತಿ: ಮನೆ ಬಾಗಿಲಲ್ಲೇ ನಿಂತಿರುತ್ತೆ. ಮೇಲಿನ ಮನೆಯೋರು ಆ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ತಾರೆ. ಈಗೀಗ ಅವರು ಗಡಿಯಾರಾನೇ ನೋಡಲ್ಲ.

ದರ್ಜಿ: ಹೊಸ ಮೆಷಿನ್ ತಂದ್ರೆ ಏನು ಮಾಡ್ತೀವಿ ಹೇಳಿ. ಎಣ್ಣೆ ಬಿಟ್ಟು, ನೂಲು ಪೋಣಿಸದೆ, ಬಟ್ಟೆ ಇಡದೆ, ಎಂಟು ದಿನ ಸುಮ್ಮನೆ ತುಳೀತೀವಿ. ಒಳಗಿನ ಭಾಗ ಎಲ್ಲಾ ಮೆತ್ತಗಾಗುತ್ತೆ. ಅವಸರ ಬಿದ್ದು ಮೊದಲ ದಿನಾನೇ ಕೋಟು ಹೊಲಿಯೋಕೆ ಕೂತೋರ ಮೆಷಿನ್ ಇವತ್ತಿಗೂ ಕಿರ್ ಅಂತಿದೆ. ನಂದು ಮೂವತ್ತೈದು ವರ್ಷ ಆದ್ರೂ ಸದ್ದಿಲ್ಲ. ಈ ಕಾರನ್ನೂ ನಾನು ಹಾಗೇ ನೂಲಿಲ್ಲದೆ ತುಳೀತಿದೀನಿ.

ಮೆಕ್ಯಾನಿಕ್ ಬಾನೆಟ್ ಮೇಲಿನ ಡಬ್ಬಿಯನ್ನು ನೋಡಿದ. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತ.

ಮೆಕ್ಯಾನಿಕ್: ಸಾರ್, ಕಾರು ಮೆಷಿನ್ ಅಲ್ಲ.

ದರ್ಜಿ: ಮೆಷಿನ್ ಅಲ್ದೆ ಮತ್ತೇನು, ಎಮ್ಮೇನಾ?

ಮೆಕ್ಯಾನಿಕ್: ಹೊಸ ಎಂಜಿನ್ ಓಡ್ತಾ ಓಡ್ತಾ ಪಳಗಬೇಕು. ಒಳಗಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದ್ಕೋಬೇಕು. ಅಲ್ಲೀವರೆಗೆ ಮೈಲೇಜ್ ಕಮ್ಮೀನೇ. ಈಗ ಹದಿನಾರು ಹದಿನೇಳು ಬಂದ್ರೆ ಸಂತೋಷ ಪಡಿ. ಎರಡು ಮೂರು ಸಾವಿರ ಓಡಿದ್ಮೇಲೆ ಏರುತ್ತೆ. ಆದ್ರೆ ನಿಲ್ಲಿಸಿ ಉರಿಸಿದ್ರೆ ಏನೂ ಹೊಂದ್ಕೊಳ್ಳಲ್ಲ, ಪೆಟ್ರೋಲ್ ದಂಡ.

ಹೆಂಡತಿ: ಮೂವತ್ತು ವರ್ಷ ಉಜ್ಜಿದ್ರೂ ಕೆಲವು ಹೊಂದ್ಕೊಳ್ಳಲ್ಲ ಅಣ್ಣಾ.

ದರ್ಜಿ: ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿದೆ ಕಣ್ರೀ. ಮೊದಲ ಸಾವಿರ ಕಿಲೋಮೀಟರ್ ಜೋಪಾನ ಅಂತ.

ಮೆಕ್ಯಾನಿಕ್: ಜೋಪಾನವಾಗಿ ಓಡಿಸಿ ಅಂತ. ಎಂಬತ್ತು ದಾಟಿಸಬೇಡಿ, ಒಂದೇ ವೇಗದಲ್ಲಿ ಹಿಡಿದಿಡಬೇಡಿ, ನಿಲ್ಲಿಸ್ಕೊಂಡು ಎಂಜಿನ್ ಓಡಿಸಬೇಡಿ ಅಂತ ಮುಂದಿನ ಪುಟದಲ್ಲಿದೆ.

ದರ್ಜಿ: ಸಾವಿರ ಮುಗೀಲಿ, ಮುಂದಿನ ಪುಟಕ್ಕೆ ಆಮೇಲೆ ಹೋಗೋಣ ಅಂತಿದ್ದೆ.

ಹೆಂಡತಿ: ನಾನು ಲೆಕ್ಕ ಹಾಕಿದೀನಿ. ಇವರ ವೇಗದಲ್ಲಿ ಸಾವಿರ ಮುಗಿಯೋಕೆ ಇನ್ನೂ ಒಂದು ವರ್ಷ ಎಂಟು ತಿಂಗಳು ಬೇಕು. ಅಲ್ಲೀವರೆಗೂ ನಾನು ಕಾರು ಹತ್ತೋ ಹಾಗಿಲ್ಲ. ಭಾರ ಆಗುತ್ತಂತೆ. ಇವತ್ತೂ ಇವರು ಕಾರಲ್ಲಿ ಬಂದ್ರು, ನಾನು ಆಟೋದಲ್ಲಿ ಬಂದೆ. ಬಂದು ಮುಕ್ಕಾಲು ಗಂಟೆ ಇವರಿಗೆ ಕಾದೆ.

ಮೆಕ್ಯಾನಿಕ್: ಒಂಬತ್ತು ಕಿಲೋಮೀಟರಿಗಾ?

ದರ್ಜಿ: ಎರಡನೇ ಗೇರಲ್ಲಿ ಬಂದೆ. ಎಂಜಿನ್ ಹೊಸದು.

ಹೆಂಡತಿ: ಇವರು ಕಾರು ಕೊಂಡಿದ್ದೇ ನನ್ನ ಸಲುವಾಗಿ ಅಣ್ಣಾ. ಬಸ್ ಹತ್ತಿದ್ರೆ ನನಗೆ ವಾಂತಿ. ನಮ್ಮಕ್ಕ ನೂರ ನಲವತ್ತು ಕಿಲೋಮೀಟರ್ ದೂರದಲ್ಲಿದ್ದಾಳೆ. ಬಿದ್ದು ಸೊಂಟ ಮುರ್ಕೊಂಡು ಮೂರು ತಿಂಗಳಿಂದ ಮಲಗಿದಲ್ಲೇ ಇದ್ದಾಳೆ. ಡಾಕ್ಟರು ಎದ್ದು ಕೂತ್ಕೊಳ್ಳಿ ಅಂದ್ರೂ ಏಳಲ್ಲ. 'ನಿನ್ನ ಕಾರು ಬರ್ಲಿ, ಅದನ್ನ ನೋಡೋಕೆ ಎದ್ದು ಕೂತ್ಕೋತೀನಿ' ಅಂತಾಳೆ. ದಿನಾ ಫೋನ್ ಮಾಡಿ ಕೇಳ್ತಾಳೆ, ಎಲ್ಲೀವರೆಗೆ ಬಂತು ಅಂತ. ನಾನು ಏನು ಹೇಳಲಿ? ಓಣಿವರೆಗೆ ಬಂದಿದೆ ಅಂತ ಹೇಳ್ತೀನಿ.

ದರ್ಜಿ ಅಳತೆ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದ.

ದರ್ಜಿ: ಹೋಗಲ್ಲ ಅಂದಿಲ್ಲ. ಎಂಜಿನ್ ಪಳಗಲಿ ಅಂದೆ.

ಮೆಕ್ಯಾನಿಕ್: ಹಾಗಾದ್ರೆ ನಡೀರಿ. ಹೈವೇಲಿ ಒಂದು ಸುತ್ತು ಹೋಗಿಬರೋಣ. ಮೈಲೇಜ್ ಮೀಟರ್ ಸೊನ್ನೆಗೆ ತರ್ತೀನಿ. ನಿಮ್ಮ ಕಣ್ಣೆದುರಿಗೇ ಲೆಕ್ಕ ಸಿಗುತ್ತೆ.

ದರ್ಜಿ: ಹೈವೇನಾ? ಈಗಾ? ಬಿಸಿಲು ಜಾಸ್ತಿ ಇದೆ. ಎಂಜಿನ್ ಕಾಯುತ್ತೆ. ನೀವು ಊಟ ಮಾಡಿ, ಪಾಪ.

ಅವನು ಟೈರುಗಳಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಒಂದೊಂದನ್ನೂ ಒದ್ದು ನೋಡುತ್ತ ಕಾರಿನ ಹಿಂದಕ್ಕೆ ಹೋದ. ಹೆಂಡತಿ ದನಿ ತಗ್ಗಿಸಿದಳು.

ಹೆಂಡತಿ: ಎಂಜಿನ್‌ಗೆ ಏನೂ ಆಗಿಲ್ಲ ಅಣ್ಣಾ. ಇವರಿಗೆ ಲಾರಿ ಕಂಡ್ರೆ ಕೈ ನಡುಗುತ್ತೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾರೆ. ಗೊತ್ತು ಅಂದ್ರೆ ನೊಂದ್ಕೋತಾರೆ.

ಮೆಕ್ಯಾನಿಕ್ ತಲೆಯಾಡಿಸಿದ. ಡಬ್ಬಿ ಎತ್ತಿಕೊಂಡು ಮುಂದೆ, ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತ. ಹೆಂಡತಿ ಹಿಂದಿನ ಬಾಗಿಲು ತೆಗೆದು ಮೊದಲು ಬ್ಯಾಗನ್ನು ಕೂರಿಸಿ ಆಮೇಲೆ ತಾನು ಕೂತಳು. ಪ್ಲಾಸ್ಟಿಕ್ ಹೊದಿಕೆ ಪರಪರ ಅಂದಿತು.

ದರ್ಜಿ: ನೀನ್ಯಾಕೆ ಹತ್ತಿದೆ? ಆ ಬ್ಯಾಗ್ ಯಾಕೆ?

ಹೆಂಡತಿ: ತೂಕ ಇರ್ಲಿ ಅಂತ. ಪರೀಕ್ಷೆ ಸರಿಯಾಗಿ ಆಗ್ಲಿ.

ದರ್ಜಿ: ಹೇಳಿ ಇವಳಿಗೆ, ಭಾರ ಆಗುತ್ತೆ ಅಂತ.

ಮೆಕ್ಯಾನಿಕ್: ಇಬ್ರು ಮೂವರಿಗೆಲ್ಲ ಭಾರ ಆಗಲ್ಲ ಸಾರ್. ಹೊರಡಿ.

ವಿಧಿಯಿಲ್ಲದೆ ದರ್ಜಿ ಸ್ಟೀರಿಂಗ್ ಮುಂದೆ ಕೂತ, ಕಾರು ಹೊರಟಿತು. ಹೈವೇ ಸೇರುವವರೆಗೂ ಎರಡನೇ ಗೇರಿನಲ್ಲಿ ನರಳಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಒಬ್ಬ ಪೋಸ್ಟ್‌ಮ್ಯಾನ್ ಅವರನ್ನು ದಾಟಿ ಮುಂದೆ ಹೋದ. ದರ್ಜಿಯ ಹಣೆಯಲ್ಲಿ ಬೆವರು ಮೂಡಿತ್ತು. ಹೆಂಡತಿ ಕನ್ನಡಿಯಲ್ಲಿ ಆ ಬೆವರನ್ನು ನೋಡಿದಳು.

ಹೆಂಡತಿ: ಅಂದ್ಹಾಗೆ ರೀ, ನಮ್ಮ ಭಾವನ ಕೋಟು ನೆನಪಿದೆಯಾ? ನೀವು ಎಡತೋಳು ಗಿಡ್ಡ ಹೊಲಿದಿದ್ರಲ್ಲ, ಅದು.

ದರ್ಜಿ: ಯಾರು ಗಿಡ್ಡ ಹೊಲಿದಿದ್ದು?

ಹೆಂಡತಿ: ನೀವೇ. ಎರಡು ಬೆರಳು ಗಿಡ್ಡ.

ದರ್ಜಿ: ಇಪ್ಪತ್ತೆಂಟು ವರ್ಷದಿಂದ ಇದೇ ಸುಳ್ಳು ಹೇಳ್ಕೊಂಡು ಬಂದಿದ್ದೀರಿ ನಿಮ್ಮ ಮನೆಯೋರೆಲ್ಲ! ಅಳತೆ ಕೊಡುವಾಗ ನಿಮ್ಮ ಭಾವ ಎಡಗೈ ಜೇಬಲ್ಲಿಟ್ಕೊಂಡು ನಿಂತಿದ್ರು. ತೆಗೀರಿ ಅಂತ ಎರಡು ಸಲ ಹೇಳಿದೆ.

ಮೂರನೇ ಗೇರು ಬಿತ್ತು.

ಹೆಂಡತಿ: ಒಳ್ಳೆ ದರ್ಜಿ ಆಗಿದ್ರೆ ಮೂರನೇ ಸಲ ಹೇಳ್ತಿದ್ದ.

ದರ್ಜಿ: ನಾನು ಒಳ್ಳೆ ದರ್ಜಿ ಅಲ್ವಾ? ನಾನು?

ನಾಲ್ಕನೇ ಗೇರು. ಮುಂದೆ ಇಟ್ಟಿಗೆ ತುಂಬಿದ ಲಾರಿಯೊಂದು ಹೋಗುತ್ತಿತ್ತು. ದರ್ಜಿ ಇಂಡಿಕೇಟರ್ ಹಾಕಿ, ಹಾರ್ನ್ ಮಾಡಿ, ಅದನ್ನು ಬಳಸಿಕೊಂಡು ಮುಂದೆ ಹೋದ. ಹೋಗುವಾಗ ಕೋಟಿನ ಭುಜ, ಅಸ್ತರು, ಗುಂಡಿ ಇವುಗಳ ಬಗ್ಗೆ ಮಾತಾಡುತ್ತಿದ್ದ. ಲಾರಿ ಅವನ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ. ಹೆಂಡತಿ ಕೋಟು ಮುಗಿಸಿ ತಮ್ಮನ ಪ್ಯಾಂಟಿಗೆ ಬಂದಳು, ಅಲ್ಲಿಂದ ಶಾಲೆ ಮಕ್ಕಳ ಯೂನಿಫಾರಮ್ಮಿಗೆ ಇಳಿದಳು. ಪ್ರತಿಯೊಂದಕ್ಕೂ ದರ್ಜಿಯ ಹತ್ತಿರ ಉತ್ತರ ಇತ್ತು. ಮೆಕ್ಯಾನಿಕ್ಕಿನ ಫೋನು ಹೊಡೆದುಕೊಂಡಿತು.

ಮೆಕ್ಯಾನಿಕ್ (ಫೋನಿನಲ್ಲಿ): ಹಾಂ... ಟೆಸ್ಟ್ ಡ್ರೈವಲ್ಲಿದೀನಿ. ಹೌದು, ಅದೇ ಕಾರು. ಇನ್ನೂ ನಡೀತಿದೆ.

ಅವನು ಫೋನಿಟ್ಟು ಡಬ್ಬಿಯ ಮುಚ್ಚಳ ತೆಗೆದು ಊಟ ಶುರು ಮಾಡಿದ. ಮುಗಿಸಿ, ಬಾಯಿ ಒರೆಸಿಕೊಂಡು, ಮೀಟರ್ ಕಡೆ ನೋಡಿದ.

ಮೆಕ್ಯಾನಿಕ್: ಸಾರ್, ಹದಿನಾರು ಪಾಯಿಂಟ್ ಎಂಟು.

ದರ್ಜಿ: ತೋಳಾ?

ಮೆಕ್ಯಾನಿಕ್: ಮೈಲೇಜು. ಮೂವತ್ತೆಂಟು ಕಿಲೋಮೀಟರ್ ಬಂದಿದೀವಿ.

ದರ್ಜಿ ಮೊದಲ ಸಲ ರಸ್ತೆಯನ್ನು ನೋಡಿದ.

ದರ್ಜಿ: ಇದು ಯಾವ ರಸ್ತೆ?

ಹೆಂಡತಿ: ಅಕ್ಕನ ಊರಿನ ರಸ್ತೆ.

ದರ್ಜಿಯ ಕಾಲು ಆಕ್ಸಿಲರೇಟರ್ ಮೇಲಿಂದ ಎದ್ದಿತು. ವೇಗದ ಮುಳ್ಳು ಅರವತ್ತರಿಂದ ನಲವತ್ತಕ್ಕೆ ಇಳಿಯಿತು. ನಲವತ್ತರಿಂದ ಇಪ್ಪತ್ತೈದಕ್ಕೆ ಬಂತು. ಹಿಂದಿನಿಂದ ಇನ್ನೊಂದು ಲಾರಿ ಬಂದು ಬೆನ್ನಿಗೆ ನಿಂತು ಹಾರ್ನ್ ಮಾಡತೊಡಗಿತು.

ದರ್ಜಿ: ಹಿಂದೆ ಲಾರಿ ಇದೆ ಕಣೇ.

ಹೆಂಡತಿ: ಇದೆ.

ದರ್ಜಿ: ನನಗೆ ಭಯ ಆಗ್ತಿದೆ.

ಹೆಂಡತಿ: ಗೊತ್ತು. ಇಪ್ಪತ್ತಾರು ದಿನದಿಂದ ಗೊತ್ತು.

ದರ್ಜಿ: ಮತ್ತೆ ಯಾಕೆ ಹೇಳ್ಲಿಲ್ಲ?

ಹೆಂಡತಿ: ನೀವು ದಿನಾ ಒಂದು ಗಂಟೆ ಒಬ್ರೇ ಸ್ಟೀರಿಂಗ್ ಹಿಡ್ಕೊಂಡು ಕೂರ್ತಿದ್ರಲ್ಲ, ಅದನ್ನ ಕಿಟಕಿಯಿಂದ ನೋಡ್ತಿದ್ದೆ. ಹೇಳೋಕೆ ಮನಸ್ಸು ಬರ್ಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ, ಇವತ್ತು ಬರ್ತೀವಿ ಅಂದೆ. ಆಗಿನಿಂದ ಎದ್ದು ಕೂತಿದ್ದಾಳಂತೆ.

ಈ ಸಲ ಅವಳು ಯಾವ ಕೋಟಿನ ಜಗಳವನ್ನೂ ತೆಗೆಯಲಿಲ್ಲ. ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಕಿಟಕಿಯಾಚೆ ನೋಡಿದಳು. ಮುಳ್ಳು ಹದಿನೆಂಟಕ್ಕೆ ಬಂದಿತ್ತು. ಲಾರಿಯ ಹಾರ್ನು ಈಗ ನಿಲ್ಲುತ್ತಲೇ ಇರಲಿಲ್ಲ.

ಮೆಕ್ಯಾನಿಕ್ ಹಿಂದೆ ತಿರುಗಿ ಅವಳನ್ನು ನೋಡಿದ. ಸ್ಟೀರಿಂಗಿಗೆ ಅಂಟಿಕೊಂಡು ಕೂತ ದರ್ಜಿಯನ್ನು ನೋಡಿದ. ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿ ಕೆಮ್ಮಿದ.

ಮೆಕ್ಯಾನಿಕ್: ಸಾರ್, ಒಂದು ಮಾತು. ಆಗಿನಿಂದ ಹೇಳಬೇಕು ಅಂತಿದ್ದೆ. ಈ ಕಾಲರ್ ನೀವಂದಷ್ಟೇನೂ ವಾಲಿಲ್ಲ.

ದರ್ಜಿ: ಏನಂದ್ರಿ?

ಮೆಕ್ಯಾನಿಕ್: ನನಗೆ ನೋಡಿದ್ರೆ ನೇರವಾಗೇ ಇದೆ.

ದರ್ಜಿ: ನೇರಾನಾ? ಅದನ್ನ ನೇರ ಅಂತೀರಾ? ಒಂದು ಕಾಲಿಂಚು ಎಡಕ್ಕೆ ಹೋಗಿದೆ ಕಣ್ರೀ! ಕಾಲರ್ ಒಳಗಿನ ಕ್ಯಾನ್ವಾಸ್ ಅಡ್ಡ ಕತ್ತರಿಸಿದ್ದಾನೆ ಅವನು!

ಮೂರನೇ ಗೇರು ಬಿತ್ತು, ಅದರ ಹಿಂದೆಯೇ ನಾಲ್ಕನೆಯದು. ಲಾರಿಯ ಹಾರ್ನು ಹಿಂದೆ ಹಿಂದೆ ಉಳಿಯಿತು. ಮುಳ್ಳು ಐವತ್ತು ದಾಟಿತು. ಮುಂದೆ ಉದ್ದನೆಯ ಏರು ಕಾಣಿಸಿತು. ಮೆಕ್ಯಾನಿಕ್ ಅದನ್ನು ನೋಡಿ, ತನ್ನ ಅಂಗಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಪರೀಕ್ಷಿಸಿಕೊಂಡ.

ಮೆಕ್ಯಾನಿಕ್: ಜೇಬೂ ಅಷ್ಟೇ ಸಾರ್. ಅಚ್ಚುಕಟ್ಟಾಗಿ ಹೊಲಿದಿದ್ದಾನೆ.