ಹೌಜಿಗೆ ಜ್ವರ

ಮಖ್ತಲ್ ಕಚೇರಿಯ ಸಾಮಾನು ಪಟ್ಟಿಯಲ್ಲಿ ಒಂದೇ ಒಂದು ಮನೆ ಖಾಲಿ ಉಳಿದಿತ್ತು. ಜವಾನ ಖಂಡಪ್ಪನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಪೊಲೀಸ್ ಆಕ್ಷನ್ ಮುಗಿದು ಒಂದು ತಿಂಗಳಾಗಿತ್ತು. ನಿಜಾಮರ ಕಾಲದ ತಹಸೀಲ್ದಾರ್ ಸಾಹೇಬರು ಟ್ರಂಕು ಕಟ್ಟಿಕೊಂಡು ಹೈದರಾಬಾದಿಗೆ ಹೋದವರು ತಿರುಗಿ ಬಂದಿರಲಿಲ್ಲ. ಹೊಸ ಸರ್ಕಾರದ ಅಧಿಕಾರಿ ಗದ್ವಾಲದಿಂದ ಹೊಳೆ ದಾಟಿ ಇವತ್ತು ಸಂಜೆ ಬರುವವರಿದ್ದರು. ಕಚೇರಿಯಲ್ಲಿ ಯಾವ ಸಾಮಾನು ಇರಬೇಕು, ಯಾವ ಮನುಷ್ಯ ಇರಬೇಕು ಎಂದು ತೀರ್ಮಾನಿಸುವವರು ಅವರೇ. ಅವರಿಗೆ ಆದಾಬ್ ಮಾಡಬೇಕೋ ನಮಸ್ಕಾರ ಮಾಡಬೇಕೋ ತಿಳಿಯದೆ ಜವಾನರು ಬೆಳಿಗ್ಗೆಯಿಂದ ಎರಡನ್ನೂ ಅಭ್ಯಾಸ ಮಾಡುತ್ತಿದ್ದರು.

ಹಿರಿಯ ಗುಮಾಸ್ತ, ಅಂದರೆ ಪೇಷ್ಕಾರ್ ಶರಣಯ್ಯನವರು, ಪಟ್ಟಿ ಹಿಡಿದು ಕೂತಿದ್ದರು. ಕುರ್ಚಿ ಏಳು, ಅದರಲ್ಲಿ ನಾಲ್ಕೂ ಕಾಲಿರುವವು ಐದು. ಬಂದೂಕು ಎರಡು. ಗೋಡೆ ಗಡಿಯಾರ ಒಂದು, ನಿಂತದ್ದು. ಬಣ್ಣದ ಮೀನಿನ ಮರಿ ಮೂವತ್ತೆರಡು. ಮೀನಿನ ನೀರಿನ ಶಾಖ ಎಷ್ಟು ಎಂಬಲ್ಲಿ ಅವರ ಲೇಖನಿ ನಿಂತುಬಿಟ್ಟಿತು.

ಅಂಗಳದ ಕಲ್ಲಿನ ತೊಟ್ಟಿಗೆ ಎಲ್ಲರೂ ಹೌಜು ಎನ್ನುತ್ತಿದ್ದರು. ಹಳೆ ಸಾಹೇಬರು ಎಲ್ಲಿಂದಲೋ ತರಿಸಿದ ಜಪಾನಿನ ಮೀನಿನ ಮರಿಗಳು ಅದರಲ್ಲಿದ್ದವು. ಬೆರಳುದ್ದದವು, ಕೆಲವು ಕೆಂಪು, ಕೆಲವು ಬಿಳಿ. ಅವನ್ನು ನೋಡಿಕೊಳ್ಳುವುದೇ ಖಂಡಪ್ಪನ ನೌಕರಿ. ಕುರಿ ಕಾಯ್ದು ಬೆಳೆದವನು ಅವನು. ಕುರಿಮರಿಗೆ ಮಾಡಿದ್ದನ್ನೇ ಮೀನಿನ ಮರಿಗೂ ಮಾಡಿದ್ದ. ಬಿಸಿಲೇರಿದರೆ ಹೌಜಿನ ಮೇಲೆ ಕಂಬಳಿ ಹಾಸುವುದು, ಚಳಿ ಬಿದ್ದರೆ ಒಂದು ಚೆಂಬು ಬಿಸಿನೀರು ಬೆರೆಸುವುದು, ಬೆರೆಸುವ ಮೊದಲು ಮೊಣಕೈ ಅದ್ದಿ ನೋಡುವುದು. ದಿನಾ ಬೆಳಿಗ್ಗೆ ಮಂದೆ ಎಣಿಸಿದಂತೆ ಎಣಿಸುತ್ತಿದ್ದ. ಒಂದು ಮರಿಯೂ ಸತ್ತಿರಲಿಲ್ಲ. ಅವುಗಳ ಮೇಲೆ ಅವನಿಗೆ ಅಷ್ಟು ಮಮತೆ ಎಂದರೆ, ಹೆಂಡತಿ ಸತ್ಯಮ್ಮನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

"ಸಾಹೇಬ್ರು ಬರ್ದಿಟ್ಟ ಚೀಟಿ ಐತಿ ನೋಡು," ಎಂದರು ಶರಣಯ್ಯ. "ಹೌಜಿನ ನೀರು ಎಪ್ಪತ್ತೆರಡು ಡಿಗ್ರಿ ಇರಬೇಕು. ಈಗ ಎಷ್ಟೈತಿ?"

"ಹದವಾಗೈತ್ರಿ."

"ಹದ ಅಂತ ಬರ್ಯಾಕ ಬರ್ತದೇನೋ? ಎಷ್ಟು ಅನ್ನೋದು ಬೇಕು."

"ಖಾಲಿ ಬಿಟ್ರ ಏನಾಗತೈತ್ರಿ?"

"ಮನೆ ಖಾಲಿ ಇದ್ರ, ಇದನ್ನ ನೋಡ್ಕೊಳ್ಳೋ ಜವಾನ ಯಾತಕ್ಕ ಅಂತ ಕೇಳ್ತಾರ. ನಾ ಏನು ಹೇಳ್ಲಿ?"

ಖಂಡಪ್ಪನ ಮಗಳು ಮೈಲಮ್ಮನ ಮದುವೆ ಉಟ್ಕೂರಿನ ಮನೆಯೊಂದರಲ್ಲಿ ನಿಶ್ಚಯವಾಗಿತ್ತು. ಬೀಗರು ಒಪ್ಪಿದ್ದು ಹುಡುಗಿಯ ಬಣ್ಣ ನೋಡಿಯಲ್ಲ, ಅಪ್ಪನ ಸರ್ಕಾರಿ ನೌಕರಿ ನೋಡಿ. ನೌಕರಿ ಹೋಯಿತೆಂದರೆ ವೀಳ್ಯದೆಲೆ ವಾಪಸು ಬರುವುದು ಖಂಡಿತ.

ಹಳೆ ಸಾಹೇಬರ ಥರ್ಮಾಮೀಟರ್ ಅವರ ಟ್ರಂಕಿನಲ್ಲೇ ಹೈದರಾಬಾದು ಸೇರಿತ್ತು. ಖಂಡಪ್ಪ ದವಾಖಾನೆಗೆ ಓಡಿದ. ಕಾಂಪೌಂಡರ್ ಭೀಮಯ್ಯ ಹೊಳೆದಂಡೆಯ ಹಳ್ಳಿಗೆ ಕಾಲರಾ ಸೂಜಿ ಹಾಕಲು ಹೊರಟು ಬಂಡಿ ಹತ್ತುತ್ತಿದ್ದ. ಆಗಷ್ಟೇ ಒಬ್ಬ ರೋಗಿಯ ಬಾಯಿಂದ ತೆಗೆದ ಥರ್ಮಾಮೀಟರನ್ನು ಒರೆಸಿ ಖಂಡಪ್ಪನ ಕೈಗಿತ್ತ.

"ಗಾಜು ಐತಿ, ಜ್ವಾಕಿ. ಅಲ್ಲಾಡಿಸಬ್ಯಾಡ. ಒಡದ್ರ ನಿನ್ನ ತಲಿ ಒಡೀತಾರ."

ಖಂಡಪ್ಪ ಅದನ್ನು ಆಗತಾನೆ ಹುಟ್ಟಿದ ಮರಿಯನ್ನು ತರುವಂತೆ ಎರಡೂ ಅಂಗೈಯಲ್ಲಿ ಇಟ್ಟುಕೊಂಡು, ಉಸಿರು ಬಿಗಿಹಿಡಿದು, ಹೆಜ್ಜೆ ಎಣಿಸಿಕೊಂಡು ತಂದ. ಒಂದು ಕೂದಲಿನಷ್ಟೂ ಅಲುಗಲಿಲ್ಲ. ಹಾಗೇ ಮೆಲ್ಲಗೆ ಹೌಜಿನಲ್ಲಿ ಅದ್ದಿ, ಮೆಲ್ಲಗೆ ತೆಗೆದು ಪೇಷ್ಕಾರರಿಗೆ ಕೊಟ್ಟ.

ಶರಣಯ್ಯನವರು ಕನ್ನಡಕ ಏರಿಸಿ ನೋಡಿದರು. ಕನ್ನಡಕ ಇಳಿಸಿ ನೋಡಿದರು.

"ನೂರಾ ಮೂರು!" ಎಂದು ಕೂಗಿದರು. "ಖಂಡಪ್ಪ, ಮೀನು ಸಾಕಾಕತ್ತೀಯೋ ಸಾರು ಮಾಡಾಕತ್ತೀಯೋ?"

ಖಂಡಪ್ಪ ಮೊಣಕೈ ಅದ್ದಿದ. "ಇಲ್ರೀ, ಹದವಾಗೇ ಐತ್ರಿ. ನನ್ನ ಕೈ ಹೇಳತೈತಿ."

"ನಿನ್ನ ಕೈ ಸರ್ಕಾರದ್ದೇನೋ? ಇದು ಸರ್ಕಾರಿ ದವಾಖಾನಿದು. ತಣ್ಣೀರು ಹಾಕು."

ಖಂಡಪ್ಪ ಬಾವಿಯಿಂದ ಹತ್ತು ಕೊಡ ಸೇದಿ ಹಾಕಿದ. ನೂರಾ ಮೂರು. ಇನ್ನೂ ಹತ್ತು ಹಾಕಿದ. ನೂರಾ ಮೂರು. ಗದ್ದಲ ಕೇಳಿ ಓಣಿಯ ಜನ ಗೇಟಿನೊಳಗೆ ಬಂದರು. ಸರ್ಕಾರ ಬದಲಾದಾಗಿನಿಂದ ಕಚೇರಿಯ ಗೇಟಿನಲ್ಲಿ ಯಾರನ್ನು ತಡೆಯಬೇಕು ಯಾರನ್ನು ಬಿಡಬೇಕು ಎಂಬುದು ಕಾವಲುಗಾರ ನಾಗಪ್ಪನಿಗೆ ಸರಿಯಾಗಿ ಗೊತ್ತಿರಲಿಲ್ಲ; ಆದ್ದರಿಂದ ಎಲ್ಲರನ್ನೂ ಬಿಟ್ಟು, ತಾನೂ ಅವರ ಹಿಂದೆ ಬಂದ. ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಹಾಜರಾಗುವ ಕುರುಮಮ್ಮ ಹೌಜಿನೊಳಗೆ ಇಣುಕಿ, ಮೂಗಿನ ಮೇಲೆ ಬೆರಳಿಟ್ಟಳು.

"ನೀರಿಗೆ ಜ್ವರ ಬಂದೈತಿ ಯಪ್ಪಾ. ಕಣ್ಣು ಬಿದ್ದೈತಿ. ಬೇವಿನಸೊಪ್ಪು ಹಾಕ್ರಿ."

"ಸೊಪ್ಪಿನಿಂದ ಆಗೂದಿಲ್ಲ," ಎಂದ ನಾಗಪ್ಪ. ಮೊದಲು ಸಾಹೇಬರ ಕುದುರೆ ನೋಡಿಕೊಂಡಿದ್ದವನಾದ್ದರಿಂದ ಜ್ವರದ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. "ಒಳಗ ಇಳಿದು ಕಲಸಬೇಕು. ಕುದುರಿಗೂ ಹಂಗ, ನಿಂತಲ್ಲೇ ನಿಂದ್ರಿಸಿದ್ರ ಕಾವು ಇಳಿಯೂದಿಲ್ಲ."

ಖಂಡಪ್ಪ ಧೋತರ ಮೇಲೆ ಕಟ್ಟಿ ಹೌಜಿಗೆ ಇಳಿದ. ಮರಿಗಳು ಕಾಲ ಕೆಳಗೆ ಸಿಕ್ಕಾವೆಂದು ಪಾದ ಎತ್ತದೆ, ಕಾಲೆಳೆಯುತ್ತ ಸುತ್ತು ಹಾಕಿದ. ಸೊಂಟದವರೆಗಿನ ನೀರು ಮಂಜಿನಂತೆ ಕೊರೆಯುತ್ತಿತ್ತು. ಓಣಿಯ ಮನೆಮನೆಯ ಮಡಿಕೆಗಳ ತಣ್ಣೀರು ಬಂತು. ಸತ್ಯಮ್ಮ ಗಂಡನಿಗೆ ರೊಟ್ಟಿ ತಂದವಳು, ಬುತ್ತಿ ಕಟ್ಟೆಯ ಮೇಲಿಟ್ಟು ತಾನೂ ಎರಡು ಕೊಡ ಹೊತ್ತಳು. ಮೂವತ್ತೆರಡು ಮರಿಗಳೂ ಅಡಿಗೆ ಹೋಗಿ ಒಂದಕ್ಕೊಂದು ಆತುಕೊಂಡು ನಿಂತಿದ್ದವು. ಅದನ್ನು ನೋಡಿ ಖಂಡಪ್ಪನಿಗೆ ಅಳು ಬಂತು.

"ಸಾಕ್ರೀ, ಮರಿ ಸಾಯ್ತಾವ್ರೀ! ಕಾಲಾಗಿನ ಸ್ಪರ್ಶ ಹೋಗೈತ್ರಿ ನಂಗ!"

ಶರಣಯ್ಯನವರು ಮತ್ತೊಮ್ಮೆ ಅದ್ದಿ ನೋಡಿದರು. ನೂರಾ ಮೂರು. ಅನುಮಾನ ಬಂದು ಬಾವಿಯ ನೀರಿಗೆ ಅದ್ದಿಸಿದರು. ಅಲ್ಲಿಯೂ ನೂರಾ ಮೂರು. "ಬಾವಿಗೂ ಹತ್ತೇತಲ್ಲೋ!" ಎಂದು ಅವರು ಬೆಳಗಿನಿಂದ ಅದೇ ನೀರು ಕುಡಿದದ್ದನ್ನು ನೆನೆದು, ಥರ್ಮಾಮೀಟರನ್ನು ತಮ್ಮ ನಾಲಿಗೆಯ ಕೆಳಗೇ ಇಟ್ಟುಕೊಂಡರು.

ನೂರಾ ಮೂರು.

ಪೇಷ್ಕಾರರು ಅಲ್ಲಿಯವರೆಗೆ ಗಟ್ಟಿಯಾಗಿದ್ದವರು ಆ ಅಂಕಿ ಓದಿದ್ದೇ ತಡ ಕುಸಿದರು. ಕೈಕಾಲು ಹರಿದುಬೀಳುವ ನೋವು ಶುರುವಾಯಿತು. ನಾಗಪ್ಪ ಇಟ್ಟುಕೊಂಡ, ಅವನಿಗೂ ನೂರಾ ಮೂರು. ಕುರುಮಮ್ಮನಿಗೆ ನೂರಾ ಮೂರು, ಸತ್ಯಮ್ಮನಿಗೆ ನೂರಾ ಮೂರು. ಅರ್ಧ ಗಂಟೆಯಲ್ಲಿ ಕಚೇರಿಯ ಪಡಸಾಲೆ ತುಂಬ ಜನ ಕಂಬಳಿ ಹೊದ್ದು ಸಾಲಾಗಿ ಮಲಗಿ ನರಳತೊಡಗಿದರು. ಆ ನೀರಿಗೇ ಇಳಿದವನ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. "ನೀ ಅಲ್ಲೇ ಇರು, ಮ್ಯಾಲೆ ಬರಬ್ಯಾಡ," ಎಂದು ಶರಣಯ್ಯ ಕಂಬಳಿಯೊಳಗಿಂದ ಹುಕುಂ ಮಾಡಿದರು. "ರೋಗ ಶುರುವಾಗಿದ್ದು ನಿನ್ನಿಂದ."

ನೀರು ಹಾಕುವವರೆಲ್ಲ ಮಲಗಿದ್ದರಿಂದ ಹೌಜಿಗೆ ಉಸಿರಾಡಲು ಪುರಸೊತ್ತು ಸಿಕ್ಕಿತು. ಮಧ್ಯಾಹ್ನದ ಬಿಸಿಲಿಗೆ ನೀರು ನಿಧಾನವಾಗಿ ಕಾಯತೊಡಗಿತು. ಖಂಡಪ್ಪ ಮಾತ್ರ ಹಲ್ಲು ಕಟಕಟ ಎನ್ನುತ್ತ ನಿಂತೇ ಇದ್ದ.

ಸಂಜೆ ಜೀಪು ಬಂತು. ಹೊಸ ಅಧಿಕಾರಿ ಬಳ್ಳಾರಿ ಕಡೆಯವರು, ಕನ್ನಡ ಬಲ್ಲವರು. ದಾರಿಯಲ್ಲಿ ಸಿಕ್ಕ ಕಾಂಪೌಂಡರ್ ಭೀಮಯ್ಯನನ್ನೂ ಕೂರಿಸಿಕೊಂಡು ಬಂದಿದ್ದರು. ಇಳಿದವರೇ ಬೆರಗಾಗಿ ನಿಂತರು. ಹಾರವಿಲ್ಲ, ಸಲಾಮಿಲ್ಲ. ಪಡಸಾಲೆಯಲ್ಲಿ ಇಪ್ಪತ್ತು ಕಂಬಳಿ ನರಳುತ್ತಿವೆ, ತೊಟ್ಟಿಯಲ್ಲಿ ಒಬ್ಬ ನಡುಗುತ್ತಿದ್ದಾನೆ.

"ಏನಿದು?"

ಶರಣಯ್ಯ ಮಲಗಿದಲ್ಲಿಂದಲೇ ಒಂದು ಕೈಯಲ್ಲಿ ಆದಾಬ್, ಇನ್ನೊಂದು ಕೈಯಲ್ಲಿ ಅರ್ಧ ನಮಸ್ಕಾರ ಮಾಡಿದರು. "ಹುಜೂರ್, ಮೀನಿನ ನೀರಿಗೆ ಜ್ವರ. ಊರಿಗೆಲ್ಲ ಹತ್ತೈತ್ರಿ. ಎಲ್ಲರಿಗೂ ನೂರಾ ಮೂರು, ಕಮ್ಮಿ ಇಲ್ಲ, ಜಾಸ್ತಿ ಇಲ್ಲ."

ಭೀಮಯ್ಯ ಥರ್ಮಾಮೀಟರ್ ತೆಗೆದುಕೊಂಡು ನೋಡಿದ. ತಲೆ ಚಚ್ಚಿಕೊಂಡ. "ಜಾಡ್ಸಿಲ್ಲೇನ್ರೀ ಇದನ್ನ?"

"ಅಲ್ಲಾಡಿಸಬ್ಯಾಡ ಅಂದಿದ್ದಿ ನೀನು," ಎಂದ ಖಂಡಪ್ಪ ತೊಟ್ಟಿಯಿಂದ.

"ಜ್ವರದ ಕಡ್ಡಿ ಇದು. ಏರಿದ್ದು ತಾನಾಗಿ ಇಳಿಯೂದಿಲ್ಲ, ಜಾಡಿಸಿ ಇಳಸಬೇಕು. ಬೆಳಿಗ್ಗೆ ಆ ರೋಗಿ ಬಾಯಾಗಿನ ಜ್ವರ ಇದು!" ಭೀಮಯ್ಯ ನಾಲ್ಕು ಸಲ ಝಾಡಿಸಿ ಪೇಷ್ಕಾರರ ಬಾಯಿಗಿಟ್ಟ. ತೊಂಬತ್ತೆಂಟು. ಪೇಷ್ಕಾರರು ಕಂಬಳಿ ಕಿತ್ತೆಸೆದು ಎದ್ದರು. ಮೈಕೈ ನೋವು ಎಲ್ಲಿ ಹೋಯಿತೋ! ಉಳಿದವರು ತಮ್ಮ ಸರದಿ ಬರುವ ಮೊದಲೇ ಗುಣವಾಗಿ ಕೂತರು.

ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿಸಿ ಕೇಳಿದರು: "ನೀರು ಸುಡ್ತಿಲ್ಲ ಅಂತ ಯಾರೊಬ್ಬರೂ ಹೇಳಲಿಲ್ಲೇನ್ರಿ?"

"ನನ್ನ ಗಂಡ ಹೇಳಿದ್ರೀ," ಎಂದಳು ಸತ್ಯಮ್ಮ. "ಮುಂಜಾನಿಂದ ಬಡ್ಕೊಂಡಾರ. ಅವರ ಕೈ ಹೇಳ್ತಂತ."

"ಹಾಗಾದ್ರೆ ಇಡೀ ಕಚೇರಿಗೆ ಸರಿ ಇದ್ದದ್ದು ಇವನ ಕೈ ಒಂದೇ. ಪೇಷ್ಕಾರ್ರೇ, ಬರ್ಕೊಳ್ಳಿ. ಇವತ್ತಿನಿಂದ ಈ ಹೌಜಿಗೆ ಖಂಡಪ್ಪನ ಬಲಗೈಯೇ ಸರ್ಕಾರಿ ಥರ್ಮಾಮೀಟರ್. ಅದು ಹೇಳಿದಂಗ ನಡೀಬೇಕು. ನೌಕರಿ ಕಾಯಂ."

ಖಂಡಪ್ಪನ ಕಣ್ಣು ತುಂಬಿತು. ಮೈಲಮ್ಮನ ಮದುವೆ ಕಣ್ಣಮುಂದೆ ಬಂತು. ಹೌಜಿನಿಂದ ಹತ್ತಿ ನಮಸ್ಕಾರ ಮಾಡಲು ಹೋದರೆ ಕೈ ಗಡಗಡ ನಡುಗುತ್ತಿತ್ತು. ಭೀಮಯ್ಯ ಅನುಮಾನದಿಂದ ಥರ್ಮಾಮೀಟರ್ ಅವನ ಬಾಯಿಗಿಟ್ಟು, ತೆಗೆದು ನೋಡಿದ.

"ನೂರಾ ಮೂರು," ಎಂದ.

ಅಂಗಳವೆಲ್ಲ ಗೊಳ್ಳೆಂದಿತು. "ಜಾಡ್ಸೋ ಭೀಮಯ್ಯ!" ಎಂದು ಎಲ್ಲರೂ ಕೂಗಿದರು. ಭೀಮಯ್ಯ ಝಾಡಿಸಿ ಇಟ್ಟ. ಮತ್ತೆ ನೂರಾ ಮೂರು. "ಖರೇನ ಜ್ವರ ಬಂದೈತ್ರೀ ಇವನಿಗೆ," ಎಂದರೆ ಕೇಳುವವರು ಯಾರು? "ಆ ಕಡ್ಡಿಗೆ ಬ್ಯಾರೆ ಅಂಕಿನೇ ಬರೂದಿಲ್ಲ, ಒಗಿ ಅದನ್ನ," ಎಂದ ನಾಗಪ್ಪ. ಅಧಿಕಾರಿಯೂ ನಗುತ್ತ ಒಳಗೆ ಹೋದರು.

ಶರಣಯ್ಯನವರು ಪಟ್ಟಿ ತಂದರು. "ಬಾ, ಹೊಸ ಥರ್ಮಾಮೀಟರಿನ ಮೊದಲನೇ ಹಾಜರಿ. ಕೈ ಅದ್ದಿ ಹೇಳು. ಖಾಲಿ ಮನೆ ತುಂಬಿಬಿಡ್ತೀನಿ."

ಖಂಡಪ್ಪ ಕೆಂಡದಂಥ ಕೈಯನ್ನು ನೀರಿಗೆ ಅದ್ದಿದ. ಮೈಯೆಲ್ಲ ಜುಮ್ಮೆಂದಿತು. "ಅಯ್ಯಯ್ಯಪ್ಪಾ, ಮಂಜ ಆಗೈತಿ!" ಎಂದು ಬಾಯಿಂದ ಹೊರಟೇ ಹೋಯಿತು.

"ಕೇಳಿದ್ರೇನು? ಮಂಜು ಆಗೈತಂತ. ಒಲಿ ಹಚ್ರಿ, ಬಿಸಿನೀರು ತರ್ರಿ!" ಎಂದು ಶರಣಯ್ಯ ಕೂಗಿದರು. ಹೆಂಗಸರು ಮನೆಗಳತ್ತ ಓಡಿದರು.

ಆಗ ಖಂಡಪ್ಪ ನೀರಿನೊಳಗೆ ನೋಡಿದ. ಮೂವತ್ತೆರಡು ಮರಿಗಳೂ ಮೇಲೆ ಬಂದು ಬಾಲ ಆಡಿಸುತ್ತ ಸುಖವಾಗಿ ಈಜುತ್ತಿದ್ದವು. ನೀರು ಹದವಾಗಿತ್ತು. ಕೆಟ್ಟಿದ್ದು ಕೈ.

"ಬ್ಯಾಡ್ರೀ, ಬ್ಯಾಡ್ರೀ!" ಎಂದು ಅವನು ಪೇಷ್ಕಾರರ ಕಾಲು ಹಿಡಿದ. "ನೀರು ಸರಿ ಐತ್ರಿ. ನಂಗ ಜ್ವರ ಬಂದೈತಿ, ಅದಕ್ಕ ಕೈಗೆ ಹಂಗ ಅನಿಸೈತಿ. ಮರಿ ಬೆಂದು ಹೋಗ್ತಾವ್ರೀ!"

ಶರಣಯ್ಯನವರು ಖಾಲಿ ಮನೆಯಲ್ಲಿ 'ಮಂಜು' ಎಂದು ಬರೆದು, ಮಸಿ ಆರಲು ಪಟ್ಟಿಯ ಮೇಲೆ ಮರಳು ಉದುರಿಸಿ, ಊದಿ, ಮಡಿಸಿದರು.

"ಸುಮ್ಮನಿರು ಖಂಡಪ್ಪ. ಕೈ ಸರ್ಕಾರದ್ದು, ಬಾಯಿ ನಿಂದು. ಸರ್ಕಾರದ್ದು ಬರ್ಕೊಂಡಾಗೈತಿ."

ಗೇಟಿನಲ್ಲಿ ಕುರುಮಮ್ಮ ಹಬೆಯಾಡುವ ಕೊಡ ಹೊತ್ತು ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಖಂಡಪ್ಪ ಒದ್ದೆ ಧೋತರವನ್ನು ಮತ್ತೆ ಮೇಲೆ ಕಟ್ಟಿ, ತಣ್ಣೀರು ಸೇದಲು ಬಾವಿಯ ಹಗ್ಗ ಕೈಗೆತ್ತಿಕೊಂಡ.