ಡ್ರಮ್ಮಿನ ಅಭ್ಯಂಜನ

ಹಳೆಯ ವಸ್ತುವನ್ನು ಮಾರುವ ಮುಂಚೆ ಅದನ್ನು ಹೊಸದು ಮಾಡಬೇಕೆಂಬ ಚಪಲ ಮನುಷ್ಯನಿಗೆ ಯಾಕೆ ಹುಟ್ಟುತ್ತದೋ ಕಾಣೆ. ವರ್ಷಾನುಗಟ್ಟಲೆ ನಮ್ಮ ಮೂಲೆಯ ಕೋಣೆಯಲ್ಲಿ ಧೂಳು ತಿನ್ನುತ್ತ ಕೂತಿದ್ದ ಡ್ರಮ್ ಸೆಟ್ಟು ಮನೆ ಬಿಡುತ್ತದೆಂದು ಗೊತ್ತಾದ ಗಳಿಗೆಯಿಂದ ನನಗೆ ಅದರ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿತು.

ಸಿಂದಗಿಯಲ್ಲಿ ಮಾಸ್ತರಿಕೆಗೆ ಸೇರಿದ ಹೊಸದರಲ್ಲಿ, ಮುಚ್ಚಿಹೋದ ಒಂದು ಆರ್ಕೆಸ್ಟ್ರಾದವರಿಂದ ಅದನ್ನು ಕೊಂಡಿದ್ದೆ. ಕೆಂಪು ಮಿಣುಗಿನ ಮೈ, ಅಂಚಿಗೆ ಬೆಳ್ಳಿಯಂಥ ಬಳೆಗಳು. ಕಲಿಯುವ ಉದ್ದೇಶ ಪ್ರಾಮಾಣಿಕವಾಗಿಯೇ ಇತ್ತು. ಆದರೆ ನಾನು ಬಾರಿಸತೊಡಗಿದ ವಾರದಲ್ಲೇ ಪಕ್ಕದ ಮನೆಯ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು. ಓಣಿಯ ಹಿರಿಯರು ಕೂತು ವಿಚಾರಿಸಿ ಎಮ್ಮೆಯ ಪರವಾಗಿ ತೀರ್ಪು ಕೊಟ್ಟರು. ಕಲೆಗೆ ಇಂಥ ವಿಘ್ನಗಳು ಸಹಜ.

ಈಗ ಮಗಳು ಚೊಚ್ಚಲ ಹೆರಿಗೆಗೆ ಬರುವವಳು. ಗಾಳಿ ಹೊಗದ ಬೆಚ್ಚನೆಯ ಕೋಣೆ ಅದೊಂದೇ. "ಬಾಣಂತಿ ಮಂಚ ಹಾಕೋಣೋ, ನಿಮ್ಮ ಡ್ರಮ್ಮ ಇಡೋಣೋ, ಹೇಳಿಬಿಡ್ರಿ" ಎಂದಳು ಮನೆಯಾಕೆ. ಬಸವನ ಬಾಗೇವಾಡಿಯಲ್ಲಿ ಮದುವೆ ಆರ್ಕೆಸ್ಟ್ರಾ ನಡೆಸುವ ಮಹಾಂತೇಶನೆಂಬ ಹುಡುಗನಿಗೆ ಫೋಟೋ ಕಳಿಸಿದೆ. "ರವಿವಾರ ಟಂಟಂ ಗಾಡಿ ತರ್ತೇನ್ರಿ ಸರ. ಆದ್ರ ಸ್ಟೇಜಿನ ಲೈಟ್ ಬಿದ್ರ ಮಿಂಚಬೇಕ್ ನೋಡ್ರಿ. ಮಂಕ ಇದ್ರ ನಾ ಒಲ್ಲೆ" ಎಂದ.

ಮಿಂಚಿಸುವ ಹೊಣೆಯನ್ನು ನಾನೇ ಹೊತ್ತೆ. ಬಳೆಗಳು ಹುಣಸೆಹಣ್ಣಿಗೆ ಬಗ್ಗಿದವು. ಮೈ ಮಾತ್ರ ಬಗ್ಗಲಿಲ್ಲ. ಅಡುಗೆಮನೆಯ ಕುಸುಬೆ ಎಣ್ಣೆ ಒಂದಿಷ್ಟು ಒರೆಸಿದೆ. ಆಹಾ, ಮದುಮಗನ ಕಳೆ! ಇಷ್ಟಕ್ಕೇ ಇಷ್ಟಾದರೆ ಇನ್ನಷ್ಟಕ್ಕೆ ಎಷ್ಟಾದೀತೆಂದು ವಾರವಿಡೀ ದಿನಕ್ಕೊಂದು ಕೈ ಹಚ್ಚಿ ಅಂಗಳದ ಬಿಸಿಲಿಗಿಟ್ಟೆ. ಶನಿವಾರ ಮಧ್ಯಾಹ್ನ ನಿದ್ದೆಯಿಂದೆದ್ದು ನೋಡುತ್ತೇನೆ, ಎಣ್ಣೆ ಅಂಟಾಗಿದೆ. ಎದುರು ಮನೆಯವರು ತೊಗರಿ ತೂರಿದ ಹೊಟ್ಟೆಲ್ಲ ಅದಕ್ಕೆ ಮೆತ್ತಿಕೊಂಡಿದೆ. ಕೆಂಪು ಸೆಟ್ಟಿನ ಜಾಗದಲ್ಲಿ ಉಣ್ಣೆ ಕತ್ತರಿಸದ ಕುರಿಹಿಂಡು ನಿಂತಂತಿತ್ತು. ಒರೆಸಹೋದರೆ ಬಟ್ಟೆಯೂ ಅಂಟಿಕೊಂಡಿತು. ಗಿರಾಕಿ ಹೋದರೆ ಕೋಣೆಯೂ ಹೋಯಿತು.

ಮನೆಯಾಕೆ ಬಂದು ನೋಡಿದಳು. "ಎಣ್ಣಿ ಹಚ್ಚಿದ ಮ್ಯಾಲ ಎರೀಬೇಕಂತ ನಿಮಗ ಯಾರೂ ಹೇಳಿಲ್ಲೇನ್ರಿ?" ಎಂದವಳೇ ಸೆರಗು ಸಿಕ್ಕಿಸಿ, ಕಡಲೆಹಿಟ್ಟು ಕಲಸಿ, ಬಿಸಿನೀರು ತಂದು, ಸಣ್ಣ ಡ್ರಮ್ಮುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕತೊಡಗಿದಳು. ದೊಡ್ಡದು ಕಾಲ ಮೇಲೆ ಹಿಡಿಸಲಿಲ್ಲ. ಅದಕ್ಕೆ ನೆಲದ ಮೇಲೇ ಸ್ನಾನ. ನೀರು ಹನಿಸುವ ಗಂಭೀರ ಕಾರ್ಯ ನನ್ನದು. "ಸಾವಕಾಶ ಹಾಕ್ರಿ! ಒಳಗ ಹೊಕ್ಕರ ಕಟ್ಟಗಿ ಉಬ್ಬತೈತಿ!" ಹೊಟ್ಟು, ಎಣ್ಣೆ, ಹಳೆಯ ಮಂಕು, ಮೂರೂ ಒಟ್ಟಿಗೆ ಗಟಾರ ಸೇರಿದವು.

ರವಿವಾರ ಮಹಾಂತೇಶ ಬಂದವನು ಅಂಗಳದಲ್ಲೇ ನಿಂತುಬಿಟ್ಟ. "ಏನ್ ಥಳಥಳ ಅಂತೈತ್ರಿ ಸರ! ಯಾವ ಪಾಲಿಶ್ ಹೊಡದೀರಿ?" ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಉತ್ತರ ಬಂತು: "ಕಡ್ಲಿಹಿಟ್ಟ!" ಅವನು ಅದನ್ನು ಚೇಷ್ಟೆಯೆಂದು ತಿಳಿದು ನಗುನಗುತ್ತಲೇ ಹಗ್ಗ ಬಿಗಿದ. ಟಂಟಂ ಓಣಿಯ ತಿರುವು ದಾಟಿದ ಮೇಲೆಯೇ ನಾನು ಸರಿಯಾಗಿ ಉಸಿರು ಬಿಟ್ಟದ್ದು.

ಖಾಲಿ ಕೋಣೆಗೆ ಮಂಚ ಹಾಕಿ, ಮಗಳಿಗೆ ಫೋನು ಹಚ್ಚಿ, ನಡೆದದ್ದೆಲ್ಲವನ್ನೂ ನನ್ನ ಪಾತ್ರವನ್ನು ತುಸು ಹಿಗ್ಗಿಸಿ ವರದಿ ಮಾಡಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಹೇಳಿದಳು:

"ಅಪ್ಪಾ, ಕೂಸು ಹುಟ್ಟಿದ ಮ್ಯಾಲ ಅದಕ್ಕ ಎಣ್ಣಿ ಹಚ್ಚೋದು ಅವ್ವಗ ಬಿಡು. ನೀ ನೀರ ಕಾಸಿದ್ರ ಸಾಕು."

ಆ ಹುದ್ದೆಯನ್ನು ನಾನು ವಿನಯಪೂರ್ವಕವಾಗಿ ಸ್ವೀಕರಿಸಿದ್ದೇನೆ.